ವಿಂಡುವಿನ ಕೈ ಉಳಿದಿದ್ದರೆ: ಸ್ಟಾರ್ ವಾರ್ಸ್ ಕಥೆಯನ್ನು ಬೇರೆ ದಾರಿಗೆ ಹೊರಳಿಸಿ ವಾದಿಸುವ ಬಗೆ

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಐದು ಮಂದಿ ಗೆಳೆಯರು. ಈ ಮಳೆಗಾಲದಲ್ಲಿ ಒಬ್ಬನ ಮನೆಯ ಚಾವಡಿಯಲ್ಲಿ ಕುಳಿತು ಸ್ಟಾರ್ ವಾರ್ಸ್ ಮಾಲೆಯ ಒಂಬತ್ತು ಚಿತ್ರಗಳನ್ನೂ ಕಥೆಯ ಅನುಕ್ರಮದಲ್ಲಿ ನೋಡಿ ಮುಗಿಸಿದೆವು. ಮೂರನೆಯ ಭಾಗದಲ್ಲಿ, ಗಣರಾಜ್ಯದ ಮುಖ್ಯಸ್ಥ ಪಾಲ್ಪಟೀನನನ್ನು ಕೊಲ್ಲಲು ಕತ್ತಿಯೆತ್ತಿದ, ಜೆಡೈ ಎಂಬ ಯೋಧಪಂಥದ ಗುರು ಮೇಸ್ ವಿಂಡುವಿನ ಕೈಯನ್ನು, ಮುಂದೆ ಡಾರ್ತ್ ವೇಡರ್ ಆಗುವ ಯುವ ಜೆಡೈ ಅನಾಕಿನ್ ಕತ್ತರಿಸುತ್ತಾನಲ್ಲ, ನಮ್ಮ ವಾದ ಅಲ್ಲಿಂದ ಶುರುವಾಯಿತು. ಅವನು ಸುಮ್ಮನೆ ನಿಂತಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂದು ಇಬ್ಬರು ಹೇಳುತ್ತಾರೆ. ಏನೂ ಸರಿಹೋಗುತ್ತಿರಲಿಲ್ಲ ಎಂದು ಇನ್ನೊಬ್ಬ. ಬಾಲಕ ಅನಾಕಿನ್ನನನ್ನು ಕರೆತಂದ ಜೆಡೈ ಗುರು ಕ್ವಾಯ್-ಗಾನ್ ಮೊದಲ ಭಾಗದಲ್ಲಿ ಸಾಯದೆ ಉಳಿದಿದ್ದರೆ ಆ ಗಳಿಗೆಯೇ ಬರುತ್ತಿರಲಿಲ್ಲ ಎಂಬುದು ನನ್ನ ವಾದ. ಐದನೆಯವನು ಮಾತ್ರ, ಆಗದೇ ಹೋದ ಕಥೆಯ ಬಗ್ಗೆ ವಾದಿಸುವುದೇ ವ್ಯರ್ಥ ಎನ್ನುತ್ತಾನೆ. ಇಂಥ ವಾದದಲ್ಲಿ ಸರಿತಪ್ಪು ಎಂಬುದು ಇದೆಯೇ? ಇದ್ದರೆ ನಮ್ಮಲ್ಲಿ ಯಾರು ಸರಿ?

ಉತ್ತರ: ನಿಮ್ಮ ಐದನೆಯ ಗೆಳೆಯರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ನಿಂತರೆ ಉಳಿದ ನಾಲ್ವರ ವಾದಕ್ಕೆ ನೆಲೆಯೇ ಇರುವುದಿಲ್ಲ. ಆಗದೇ ಹೋದುದರ ಬಗ್ಗೆ ವಾದಿಸುವುದು ವ್ಯರ್ಥವೆನ್ನುವುದಾದರೆ ನಮ್ಮ ಊರಿನ ಕೂಟಗಳಿಗೆ ಏನೆನ್ನಬೇಕು? ತಾಳಮದ್ದಳೆಯಲ್ಲಿ ವೇಷವಿಲ್ಲ; ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಕುಳಿತು ಮಾತಿನಲ್ಲೇ ಅರ್ಥ ಹೇಳುತ್ತಾರೆ. ವಾಲಿಮೋಕ್ಷದ ತಾಳಮದ್ದಳೆಗೆ ಬಂದು ಕುಳಿತವರಲ್ಲಿ, ವಾಲಿ ಸಾಯುತ್ತಾನೆಂದು ತಿಳಿಯದವರು ಒಬ್ಬರೂ ಇರುವುದಿಲ್ಲ. ಆದರೂ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಎದೆಗೆ ಬಾಣ ನಾಟಿದ ಮೇಲೆ ರಾಮನನ್ನು ಒಂದೊಂದಾಗಿ ಪ್ರಶ್ನಿಸತೊಡಗಿದಾಗ, ಈ ಸಲ ರಾಮನಿಗೆ ಉತ್ತರ ಸಿಗಲಾರದೇನೋ ಎಂಬ ಆತಂಕ ಸಭೆಯಲ್ಲಿ ನಿಜವಾಗಿಯೂ ಹುಟ್ಟುತ್ತಿತ್ತು. ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಂಡೊಡನೆ ವಾಲಿ ಸಾಯಲೇಬೇಕು. ಪದ್ಯವನ್ನು ಮೀರುವ ಅಧಿಕಾರ ಯಾವ ಅರ್ಥಧಾರಿಗೂ ಇಲ್ಲ. ಆದರೆ ಬೇರೊಂದು ಆಗಬಹುದಿತ್ತು ಎಂಬ ಅರಿವು ಕೇಳುಗನಲ್ಲಿ ಮೂಡಿದ ಮೇಲೆ ಸಾಯುವ ವಾಲಿಯ ತೂಕವೇ ಬೇರೆ. ಪಾರ್ತಿಸುಬ್ಬನ ಹೆಸರಿನಲ್ಲಿ ಕುಂಬಳೆ ಸೀಮೆಯವರು ಹಾಡಿಕೊಂಡು ಬಂದ ರಾಮಾಯಣ ಪ್ರಸಂಗಗಳು ಇಂದಿಗೂ ಹಳತಾಗದೆ ಉಳಿದಿರುವುದು, ಪದ್ಯ ನಿಶ್ಚಿತವಾಗಿದ್ದರೂ ಅರ್ಥ ತೆರೆದೇ ಇರುವುದರಿಂದ ಎಂದು ನಾನು ನಂಬಿದ್ದೇನೆ.

ನೀವು ಮಾಡುತ್ತಿರುವುದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು, ನಿಜ. ನೀವು ಅರ್ಥವನ್ನಷ್ಟೇ ಅಲ್ಲ, ಪದ್ಯವನ್ನೇ ಬದಲಿಸಿ ನೋಡಬಯಸುತ್ತೀರಿ. ಅದೂ ಕನ್ನಡಕ್ಕೆ ಹೊಸತಲ್ಲ. 941ರಲ್ಲಿ ಪಂಪ ಭಾರತವನ್ನು ಬರೆದಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿ, ಕೊನೆಯಲ್ಲಿ ಅರ್ಜುನನಿಗೂ ಸುಭದ್ರೆಗೂ ಪಟ್ಟ ಕಟ್ಟಿದ. ಅದೇ ಶತಮಾನದ ಕೊನೆಯ ಭಾಗದಲ್ಲಿ ರನ್ನ, ಅದೇ ಯುದ್ಧದ ಕೊನೆಯಲ್ಲಿ ಪಟ್ಟವನ್ನು ಭೀಮನಿಗೂ ದ್ರೌಪದಿಗೂ ಕೊಟ್ಟ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಅಲ್ಲಿಯ ರಾವಣ ಸಾಯುವುದಕ್ಕೆ ಮೊದಲೇ ಮನಸ್ಸು ಮಾಗಿ, ಸೀತೆಯನ್ನು ಗೌರವದಿಂದ ಹಿಂತಿರುಗಿಸಬೇಕೆಂದು ನಿಶ್ಚಯಿಸಿರುತ್ತಾನೆ. ಈ ಕವಿಗಳು ಕಥೆಯನ್ನು ಬದಲಿಸಿ ಕೈತೊಳೆದುಕೊಳ್ಳಲಿಲ್ಲ, ಬದಲಿಸಿದ್ದರ ಬೆಲೆಯನ್ನೂ ತೆತ್ತರು. ದ್ರೌಪದಿ ಒಬ್ಬನ ಹೆಂಡತಿಯಾದರೆ ಸಭೆಯಲ್ಲಿ ಅವಳ ಮುಡಿ ಹಿಡಿದೆಳೆದಾಗ ಭೀಮ ಪ್ರತಿಜ್ಞೆ ಮಾಡುವುದು ಯಾವ ಹಕ್ಕಿನಿಂದ ಎಂಬ ತೊಡಕು ಪಂಪನ ಕಾವ್ಯದಲ್ಲಿ ಹುಟ್ಟುತ್ತದೆ. ವಿದ್ವಾಂಸರು ಇಂದಿಗೂ ಅದನ್ನು ಚರ್ಚಿಸುತ್ತಾರೆ. ಒಂದು ಗಂಟನ್ನು ಬಿಚ್ಚಿದರೆ ಬಟ್ಟೆಯಲ್ಲಿ ಎಲ್ಲೆಲ್ಲಿ ನೂಲು ಸಡಿಲವಾಗುತ್ತದೆ ಎಂದು ನೋಡುತ್ತ ಹೋಗುವುದೇ ಈ ಬಗೆಯ ವಾದದ ಕೆಲಸ. ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಇದೇ ನನ್ನ ಉತ್ತರ: ಸರಿತಪ್ಪು ಇದೆ, ಅದನ್ನು ಅಳೆಯುವುದು ಈ ನೂಲಿನ ಲೆಕ್ಕದಿಂದ.

ಸ್ಟಾರ್ ವಾರ್ಸ್ ವಿಷಯದಲ್ಲಿ ನಮಗೆ ಇನ್ನೊಂದು ಅನುಕೂಲವಿದೆ. ನಾವು ನಿಶ್ಚಿತವೆಂದು ತಿಳಿದಿರುವ ಎಷ್ಟೋ ತಿರುವುಗಳು ಬರೆಯುವವರ ಮೇಜಿನ ಮೇಲೆ ಬೇರೆಯಾಗಿಯೇ ಇದ್ದವು. ತೆರೆಗೆ ಮೊದಲು ಬಂದ 1977ರ ಚಿತ್ರದಲ್ಲಿ, ಅಂದರೆ ಕಥೆಯ ನಾಲ್ಕನೆಯ ಭಾಗದಲ್ಲಿ, ಮುದುಕ ಜೆಡೈ ಓಬಿ-ವಾನ್ ನಾಯಕ ಲ್ಯೂಕ್‌ನಿಗೆ, ನಿನ್ನ ತಂದೆಯನ್ನು ಕೊಂದವನು ಡಾರ್ತ್ ವೇಡರ್ ಎಂದೇ ಹೇಳುತ್ತಾನೆ. ಎರಡನೆಯ ಚಿತ್ರಕ್ಕೆ ಲೀ ಬ್ರ್ಯಾಕೆಟ್ 1978ರಲ್ಲಿ ಬರೆದುಕೊಟ್ಟ ಮೊದಲ ಕರಡಿನಲ್ಲಿಯೂ ವೇಡರ್ ಲ್ಯೂಕ್‌ನ ತಂದೆಯಲ್ಲ. ತಂದೆಯ ಆತ್ಮ ಬೇರೆಯಾಗಿಯೇ ಬಂದು ಮಗನೊಡನೆ ಮಾತನಾಡುತ್ತದೆ. ಕರಡು ಕೊಟ್ಟ ಸ್ವಲ್ಪ ದಿನಗಳಲ್ಲೇ ಬ್ರ್ಯಾಕೆಟ್ ತೀರಿಕೊಂಡರು. ವೇಡರನೇ ತಂದೆ ಎಂಬ ತಿರುವು ಈ ಮಾಲೆಯ ಕರ್ತೃ ಜಾರ್ಜ್ ಲ್ಯೂಕಸ್ ಅದಾದ ಮೇಲೆ ಬರೆದ ಕರಡುಗಳಲ್ಲಿ ಬಂತು. ಗುಟ್ಟು ಹೊರಗೆ ಹೋಗಬಾರದೆಂದು, ಚಿತ್ರೀಕರಣದ ದಿನ ವೇಡರನ ಉಡುಪಿನೊಳಗಿದ್ದ ಡೇವಿಡ್ ಪ್ರೌಸ್ ಅವರ ಬಾಯಲ್ಲಿ, ನಿನ್ನ ತಂದೆಯನ್ನು ಕೊಂದವನು ಓಬಿ-ವಾನ್ ಎಂಬ ಬೇರೆಯೇ ಮಾತನ್ನು ಆಡಿಸಿದರು. ನಿಜವಾದ ಮಾತನ್ನು ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ದನಿ ಕೊಡುವಾಗ ಸೇರಿಸಲಾಯಿತು. ಆಗದೇ ಹೋದ ಒಂದು ಕಥೆ ಆ ಸೆಟ್ಟಿನಲ್ಲಿ ಗಟ್ಟಿಯಾಗಿಯೇ ಉಚ್ಚಾರಗೊಂಡಿತ್ತು ಎಂದಾಯಿತು. ಲ್ಯೂಕ್‌ನ ಗೆಳೆಯ ಹಾನ್ ಸೋಲೋ ಪಾತ್ರವನ್ನು ಮುಗಿಸಿಬಿಡಬೇಕೆಂದು ಆ ಪಾತ್ರದ ನಟ ಹ್ಯಾರಿಸನ್ ಫೋರ್ಡ್ ಆ ದಿನಗಳಲ್ಲೇ ಬಯಸಿದ್ದರು. 1983ರಲ್ಲಿ ಲ್ಯೂಕಸ್ ಒಪ್ಪಲಿಲ್ಲ, ಕೊನೆಗೆ 2015ರ ಚಿತ್ರದಲ್ಲಿ ಹಾನ್ ತನ್ನ ಮಗನ ಕೈಯಿಂದಲೇ ಸತ್ತ. ತಿರಸ್ಕರಿಸಲ್ಪಟ್ಟ ಮುಕ್ತಾಯವೊಂದು 32 ವರ್ಷ ಕಾದು ಕಥೆಯೊಳಗೆ ಬಂದಿತು.

ಇನ್ನು ವಿಂಡುವಿನ ಕೈ. ನಿಮ್ಮ ಇಬ್ಬರು ಗೆಳೆಯರ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಅದಕ್ಕೆ ಕಥೆಯಲ್ಲಿ ಬಲವಾದ ಆಧಾರಗಳಿವೆ. 2005ರಲ್ಲಿ ತೆರೆಕಂಡ ಈ ಭಾಗದಲ್ಲಿ, ಆ ಗಳಿಗೆ ಬರುವಷ್ಟರಲ್ಲಿ ಎದುರುಪಕ್ಷದ ಮುಖಂಡ ಕೌಂಟ್ ಡೂಕು ಸತ್ತಾಗಿದೆ, ಸೇನಾಪತಿ ಗ್ರೀವಸ್ ಓಬಿ-ವಾನ್ ಕೈಯಲ್ಲಿ ಸತ್ತಾಗಿದೆ. ತದ್ರೂಪಿ ಸೈನಿಕರಿಗೆ ಜೆಡೈಗಳನ್ನು ಕೊಲ್ಲುವ ಆಜ್ಞೆ ಹೊರಡುವುದು ಪಾಲ್ಪಟೀನನ ಬಾಯಿಂದ. ಅವನು ಸತ್ತರೆ ಅದನ್ನು ಕೊಡಬಲ್ಲ ಇನ್ನೊಬ್ಬನನ್ನು ಚಿತ್ರ ನಮಗೆ ತೋರಿಸುವುದಿಲ್ಲ. ಯುದ್ಧ ಮುಗಿಯುತ್ತಿತ್ತು, ಜೆಡೈಗಳ ಮಂದಿರ ಉಳಿಯುತ್ತಿತ್ತು, ಅಲ್ಲಿಯ ಮಕ್ಕಳು ಬದುಕುತ್ತಿದ್ದರು. ಇಷ್ಟನ್ನು ಒಪ್ಪಲೇಬೇಕು.

ಆದರೆ ಆ ಕೋಣೆಯಿಂದ ಹೊರಗೆ ಬಂದು ನೋಡಿ. ಸತ್ತವನು ಗಣರಾಜ್ಯದ ಸೆನೆಟ್ಟು ತಾನೇ ತುರ್ತು ಅಧಿಕಾರ ಕೊಟ್ಟು ಕೂರಿಸಿದ ಚಾನ್ಸಲರ್. ಅವನು ಸಿತ್, ಅಂದರೆ ಜೆಡೈಗಳಿಗೆ ಶತ್ರುವಾದ ಕತ್ತಲೆಪಂಥದವನು, ಎಂಬುದು ಗೊತ್ತಿರುವುದು ಬೆರಳೆಣಿಕೆಯ ಜೆಡೈಗಳಿಗೆ ಮಾತ್ರ. ಅವನನ್ನು ಅವನದೇ ಕಚೇರಿಯಲ್ಲಿ, ವಿಚಾರಣೆಯಿಲ್ಲದೆ, ರಾತ್ರಿ ಹೊತ್ತಿನಲ್ಲಿ ನಾಲ್ವರು ಜೆಡೈಗಳು ಹೋಗಿ ಕೊಂದರು ಎಂಬುದಷ್ಟೇ ಮರುದಿನ ಜನರಿಗೆ ತಿಳಿಯುವ ಸಂಗತಿ. ಅದಕ್ಕೂ ಮೊದಲು, ಪಾಲ್ಪಟೀನ್ ಅಧಿಕಾರ ಬಿಡದಿದ್ದರೆ ಸೆನೆಟ್ಟಿನ ಹತೋಟಿಯನ್ನು ಜೆಡೈ ಮಂಡಳಿಯೇ ಸ್ವಲ್ಪ ಕಾಲ ವಹಿಸಿಕೊಳ್ಳಬೇಕಾಗಬಹುದು ಎಂದು ಸ್ವತಃ ವಿಂಡುವೇ ಹೇಳಿರುತ್ತಾನೆ. ಈ ಬಗೆಯ ಯೋಚನೆ ನಮ್ಮನ್ನು ಕತ್ತಲೆಯ ಕಡೆಗೆ ಒಯ್ಯುತ್ತದೆಂದು ಮಂಡಳಿಯ ಹಿರಿಯ ಗುರು ಯೋಡಾ ಎಚ್ಚರಿಸುತ್ತಾನೆ. ಚಿತ್ರದಲ್ಲಿ ಕ್ಷಣಕಾಲ ಬಂದು ಹೋಗುವ ಆ ಎಚ್ಚರಿಕೆಯನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ವಿಂಡುವಿನ ಕತ್ತಿ ಇಳಿದಿದ್ದರೆ ಒಬ್ಬ ಸರ್ವಾಧಿಕಾರಿಯ ಬದಲು ಒಂದು ಸರ್ವಾಧಿಕಾರಿ ಮಂಡಳಿ ಬರುವ ಸಾಧ್ಯತೆ ಕಥೆಯೊಳಗೇ ಇದೆ. ಆ ಮಂಡಳಿಯವರು ಒಳ್ಳೆಯವರೇ ಇರಬಹುದು. ಆದರೆ ಒಳ್ಳೆಯವರು ಸೈನ್ಯವನ್ನು ಕೈಯಲ್ಲಿಟ್ಟುಕೊಂಡು ಸ್ವಲ್ಪ ಕಾಲಕ್ಕೆಂದು ರಾಜ್ಯಭಾರ ಹೊತ್ತರೆ ಏನಾಗುತ್ತದೆ ಎಂಬುದು ಒಂದು ಇಡೀ ಹೊಸ ಪ್ರಸಂಗದ ವಸ್ತು. ಏನೂ ಸರಿಹೋಗುತ್ತಿರಲಿಲ್ಲ ಎಂದ ನಿಮ್ಮ ಗೆಳೆಯರು ಪೂರ್ತಿ ಸರಿಯಲ್ಲ, ಆದರೂ ಅವರು ಸತ್ಯಕ್ಕೆ ಹೆಚ್ಚು ಹತ್ತಿರ ನಿಂತಿದ್ದಾರೆ.

ನಮ್ಮ ಜಿಲ್ಲೆಯವರಿಗೆ ಈ ಬಗೆಯ ವಾದದ ಪರಿಚಯ ಮನೆಯಿಂದಲೇ ಇದೆ. 1956ರಲ್ಲಿ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ. ಬಂದಿದ್ದರೆ ಎಂದು ಹಿರಿಯರು ವಾದಿಸುವುದನ್ನು ಕೇಳುತ್ತಲೇ ನಾನು ಬೆಳೆದೆ. ಎಲ್ಲವೂ ಚೆನ್ನಾಗಿರುತ್ತಿತ್ತು ಎಂದು ಒಂದೇ ಮಾತಿನಲ್ಲಿ ಮುಗಿಸುವವರೂ ಆ ಜಗಲಿಯಲ್ಲಿದ್ದರು. ಶಾಲೆಯ ಮಾಧ್ಯಮ ಏನಾಗುತ್ತಿತ್ತು, ಹೊಳೆಯ ಆಚೆ ಉಳಿಯುವ ಕನ್ನಡದ ಮನೆಗಳ ಗತಿಯೇನು, ಈಚೆ ಉಳಿಯುವ ಮಲಯಾಳದ ಮನೆಗಳ ಗತಿಯೇನು ಎಂದು ಒಂದೊಂದಾಗಿ ಕೇಳುವವರೂ ಇದ್ದರು. ಎರಡನೆಯವರ ಮಾತಿನಿಂದ ನನಗೆ ಇಂದಿನ ಕಾಸರಗೋಡು ಹೆಚ್ಚು ಅರ್ಥವಾಯಿತು. ವಿಂಡುವಿನ ಕೈಯ ವಿಷಯದಲ್ಲಿಯೂ ನಿಮ್ಮ ಗೆಳೆಯರಿಂದ ನಾನು ಕೇಳುವುದು ಅದನ್ನೇ: ಮರುದಿನ ಬೆಳಗ್ಗೆ ಸೆನೆಟ್ಟಿನಲ್ಲಿ ಯಾರು ಏನು ಹೇಳುತ್ತಾರೆ ಎಂದು ಹೇಳಿ.

ಇದಕ್ಕಿಂತಲೂ ಮುಖ್ಯವಾದದ್ದು ಅನಾಕಿನ್ ಆಡುವ ಮಾತು. ಇವನನ್ನು ಕೊಲ್ಲಕೂಡದು, ಇವನು ವಿಚಾರಣೆಗೆ ಒಳಪಡಬೇಕು, ಕೊಲ್ಲುವುದು ಜೆಡೈ ಮಾರ್ಗವಲ್ಲ ಎಂದು ಅವನು ವಿಂಡುವಿಗೆ ಹೇಳುತ್ತಾನೆ. ಮಾತಿನ ಮಟ್ಟಿಗೆ ಧರ್ಮ ಅವನ ಕಡೆಗಿದೆ. ಇದೇ ಚಿತ್ರದ ಆರಂಭದಲ್ಲಿ, ಎರಡೂ ಕೈ ಕಳೆದುಕೊಂಡು ಮೊಣಕಾಲೂರಿದ ಡೂಕುವಿನ ತಲೆಯನ್ನು ಪಾಲ್ಪಟೀನನ ಪ್ರೇರಣೆಯಿಂದ ಕಡಿದವನು ಇದೇ ಅನಾಕಿನ್, ಮತ್ತು ಕಡಿದ ಮರುಗಳಿಗೆಯಲ್ಲಿ ಇದು ಜೆಡೈ ಮಾರ್ಗವಲ್ಲ ಎಂದು ಪರಿತಪಿಸಿದವನೂ ಇವನೇ. ಆದ್ದರಿಂದ ಆ ಕೋಣೆಯಲ್ಲಿ ಅವನ ಬಾಯಿಂದ ಬರುವ ಮಾತು ತನ್ನದೇ ತಪ್ಪಿನಿಂದ ಕಲಿತ ಪಾಠ. ದುರಂತವೆಂದರೆ, ಆ ಪಾಠದ ಹಿಂದೆಯೇ ಇನ್ನೊಂದು ಮಾತು ಹೊರಬೀಳುತ್ತದೆ: ನನಗೆ ಇವನು ಬೇಕು. ಹೆಂಡತಿ ಪದ್ಮೆ ಹೆರಿಗೆಯಲ್ಲಿ ಸಾಯುವ ಕನಸು ಅವನನ್ನು ಕಾಡುತ್ತಿದೆ, ಸಾವನ್ನು ತಡೆಯುವ ವಿದ್ಯೆ ತನಗೆ ಸಾಧ್ಯವೆಂದು ಪಾಲ್ಪಟೀನ್ ಆಸೆ ಹುಟ್ಟಿಸಿದ್ದಾನೆ. ಧರ್ಮದ ಮಾತು, ಭಯದ ಕಾರಣ. ನಮ್ಮ ಅರ್ಥಧಾರಿಗಳು ಕೈಕೇಯಿಯ ಅಥವಾ ಧೃತರಾಷ್ಟ್ರನ ಪಾತ್ರವನ್ನು ಕಟ್ಟುವಾಗ ಹುಡುಕುವುದು ಇಂಥದೇ ಬಿರುಕನ್ನು.

ಈ ಬಿರುಕನ್ನು ಕಂಡ ಮೇಲೆ, ಅವನು ಸುಮ್ಮನೆ ನಿಂತಿದ್ದರೆ ಎಂಬುದು ನನಗೆ ಅಷ್ಟೇನೂ ಫಲವತ್ತಾದ ಪ್ರಶ್ನೆಯಾಗಿ ತೋರುವುದಿಲ್ಲ. ಸುಮ್ಮನೆ ನಿಲ್ಲುವ ಅನಾಕಿನ್ ಬೇರೆಯೇ ಮನುಷ್ಯ. ಹಾಗೆ ನಿಲ್ಲಬಲ್ಲವನಾಗಿದ್ದರೆ, ಮಂಡಳಿಯ ಕೋಣೆಯಲ್ಲೇ ಕಾಯಬೇಕೆಂದು ವಿಂಡು ಹೇಳಿದಾಗ ಅಲ್ಲೇ ಕಾಯುತ್ತಿದ್ದ. ಫಲವತ್ತಾದ ಪ್ರಶ್ನೆ ಬೇರೆಯದು: ಅವನು ವಿಂಡುವಿನ ಕೈಯನ್ನು ಕಡಿಯದೆ, ತನ್ನ ಕತ್ತಿಯನ್ನು ಅಡ್ಡ ಹಿಡಿದು ಆ ಹೊಡೆತವನ್ನಷ್ಟೇ ತಡೆದಿದ್ದರೆ? ಇದು ಅವನ ಸ್ವಭಾವಕ್ಕೆ ಹೊರತಲ್ಲ. ಅವನು ಆಡಿದ ಮಾತಿಗೆ ಸರಿಹೊಂದುವ ಕ್ರಿಯೆಯೂ ಅದೇ. ಆಗ ಏನಾಗುತ್ತಿತ್ತು? ಪಾಲ್ಪಟೀನ್ ನಿಜವಾಗಿ ಸೋತಿದ್ದನೋ, ಸೋತಂತೆ ನಟಿಸಿದ್ದನೋ ಎಂಬ ಬಗ್ಗೆ ಅಭಿಮಾನಿಗಳಲ್ಲಿ ಎರಡು ಪಕ್ಷವಿದೆ. ವಿಂಡುವಿನ ಕೈ ಬಿದ್ದೊಡನೆ ಅವನ ದುರ್ಬಲತೆಯೆಲ್ಲ ಮಾಯವಾಗುವುದನ್ನು ನೋಡಿದರೆ ನಟನೆಯ ಪಾಲು ದೊಡ್ಡದಿತ್ತೆಂದು ನನಗನಿಸುತ್ತದೆ. ಹಾಗಿದ್ದರೆ ಕತ್ತಿ ತಡೆದ ಗಳಿಗೆಯಲ್ಲೇ ಅವನ ಕೈಯಿಂದ ಮಿಂಚು ಹೊರಟು ವಿಂಡು ಸಾಯುತ್ತಿದ್ದ. ಆದರೆ ಆ ಸಾವಿನಲ್ಲಿ ಅನಾಕಿನ್ನನ ಕೈ ಇರುತ್ತಿರಲಿಲ್ಲ. ವಿಚಾರಣೆಗೆ ಒಪ್ಪಿಸಬೇಕೆಂದು ತಾನು ರಕ್ಷಿಸಿದ ಮುದುಕನು ಕಣ್ಣೆದುರಿಗೇ ಕೊಲೆ ಮಾಡುವುದನ್ನು ನೋಡಿದ, ಕೈಗೆ ರಕ್ತ ತಾಗದ ಅನಾಕಿನ್ ಅಲ್ಲಿ ನಿಂತಿರುತ್ತಿದ್ದ. ಚಿತ್ರದಲ್ಲಿ ಅವನು ಮಂಡಿಯೂರುವುದು, ಮಾಡಬಾರದ್ದನ್ನು ಮಾಡಿಬಿಟ್ಟೆ, ಇನ್ನು ಹಿಂದಿರುಗುವ ದಾರಿಯಿಲ್ಲ ಎಂಬ ಕುಸಿತದಲ್ಲಿ. ಆ ಕುಸಿತ ಇಲ್ಲದಿದ್ದರೆ ಅವನು ಮಂಡಿಯೂರುತ್ತಿದ್ದನೇ? ಹೆಂಡತಿಯನ್ನು ಉಳಿಸಿಕೊಳ್ಳುವ ಆಸೆಯೊಂದೇ ಅವನನ್ನು ಅಲ್ಲಿಗೆ ಒಯ್ಯಲು ಸಾಕಾಗುತ್ತಿತ್ತೇ? ನಿಮ್ಮ ಚಾವಡಿಯಲ್ಲಿ ಎರಡು ರಾತ್ರಿ ನಡೆಯಬೇಕಾದ ವಾದ ಇದು ಎಂದು ನನಗೆ ತೋರುತ್ತದೆ. ಸಾಕಾಗುತ್ತಿರಲಿಲ್ಲ ಎಂಬುದು ನನ್ನ ಪಕ್ಷ. ಆದರೆ ಇದಿರು ಪಕ್ಷಕ್ಕೂ ಒಳ್ಳೆಯ ಅರ್ಥ ಹೇಳಬಹುದು.

ಈಗ ನಿಮ್ಮ ಸ್ವಂತ ವಾದಕ್ಕೆ ಬರುತ್ತೇನೆ. 1999ರ ಚಿತ್ರದಲ್ಲಿ ಸಿತ್ ಯೋಧ ಡಾರ್ತ್ ಮಾಲ್‌ನ ಕೈಯಲ್ಲಿ ಕ್ವಾಯ್-ಗಾನ್ ಸಾಯುವುದರಿಂದಲೇ ಅನಾಕಿನ್ನನ ಗತಿ ನಿರ್ಧಾರವಾಯಿತೆಂಬ ಓದು ಗಟ್ಟಿಯಾದದ್ದು. ಲ್ಯೂಕಸ್‌ನೊಡನೆ ವರ್ಷಗಟ್ಟಲೆ ದುಡಿದ ಡೇವ್ ಫಿಲೋನಿ ಕೂಡ ಆ ಕಾಳಗವನ್ನು ಹೀಗೆಯೇ ವಿವರಿಸಿದ್ದಾರೆ: ಹುಡುಗನಿಗೆ ಬೇಕಾಗಿದ್ದ ತಂದೆ ಸತ್ತ, ಸಿಕ್ಕಿದವನು ಅಣ್ಣ. ಕ್ವಾಯ್-ಗಾನ್‌ನ ಶಿಷ್ಯ ಓಬಿ-ವಾನ್ ಅವನಿಗೆ ಪ್ರೀತಿಯ ಅಣ್ಣನೇ ಆದ. ಆದರೆ ಭಯವನ್ನು ಅಣ್ಣನಿಗೆ ಹೇಳಿಕೊಳ್ಳಲಾಗದೆ, ತಂದೆಯ ಸ್ಥಾನದಲ್ಲಿ ಬಂದು ಕುಳಿತ ಪಾಲ್ಪಟೀನನಿಗೆ ಅನಾಕಿನ್ ಹೇಳಿಕೊಂಡ. ಇಷ್ಟನ್ನು ನಾನೂ ಒಪ್ಪುತ್ತೇನೆ.

ಆದರೂ ಇಲ್ಲಿ ಒಂದು ತೊಡಕನ್ನು ನೀವು ದಾಟಬೇಕಾಗುತ್ತದೆ. ಟಟೂಯಿನ್ ಗ್ರಹದಿಂದ ಹುಡುಗನನ್ನು ಬಿಡಿಸಿ ತಂದವನು ಕ್ವಾಯ್-ಗಾನ್, ಆದರೆ ತಾಯಿ ಶ್ಮಿಯನ್ನು ಗುಲಾಮಗಿರಿಯಲ್ಲೇ ಬಿಟ್ಟು ಬಂದವನೂ ಅವನೇ. ಪಣದಲ್ಲಿ ಇಬ್ಬರನ್ನೂ ಗೆಲ್ಲಲು ಅವನು ನೋಡಿದ, ಅವರ ಒಡೆಯನಾದ ವ್ಯಾಪಾರಿ ವಾಟೊ ಒಬ್ಬನನ್ನಷ್ಟೇ ಪಣಕ್ಕಿಟ್ಟ. ಅಲ್ಲಿಗೆ ಆ ತಾಯಿಯ ಪ್ರಸ್ತಾಪ ಮುಗಿಯಿತು. ಮುಂದಿನ ಹತ್ತು ವರ್ಷ ಯಾವ ಜೆಡೈಯೂ ಆಕೆಯನ್ನು ನೆನೆಯಲಿಲ್ಲ. ಕೊನೆಗೆ ಆಕೆಯನ್ನು ಬಿಡಿಸಿದ್ದು ಮದುವೆಯಾದ ಒಬ್ಬ ಸಾಮಾನ್ಯ ರೈತ. 2002ರ ಚಿತ್ರದಲ್ಲಿ ಆಕೆ ಮಗನ ತೋಳಿನಲ್ಲೇ ಸಾಯುತ್ತಾಳೆ, ಮಗ ಆಕೆಯನ್ನು ಹಿಡಿದೊಯ್ದ ಮರುಭೂಮಿಯ ಟಸ್ಕೆನ್ ಬಿಡಾರದ ಗಂಡಸರನ್ನಷ್ಟೇ ಅಲ್ಲ, ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲುತ್ತಾನೆ. ಪದ್ಮೆಯ ಬಗೆಗಿನ ಭಯ ಬೆಳೆದದ್ದು ಈ ಸಾವಿನಿಂದ. ತಾಯಿಯ ಬಗ್ಗೆ ಬಿದ್ದ ಕನಸು ನಿಜವಾಯಿತು, ಆದ್ದರಿಂದ ಹೆಂಡತಿಯ ಬಗ್ಗೆ ಬಿದ್ದ ಕನಸೂ ನಿಜವಾಗುತ್ತದೆ ಎಂದು ಅವನು ನಂಬಿದ. ಹಾಗಾದರೆ ಗಂಟು ಇರುವುದು ಕ್ವಾಯ್-ಗಾನ್‌ನ ಸಾವಿನಲ್ಲೋ, ಬದುಕಿದ್ದಾಗ ಅವನು ಮಾಡದೆ ಬಿಟ್ಟ ಕೆಲಸದಲ್ಲೋ? ಬದುಕಿದ್ದರೆ ಅವನು ಹಿಂದಿರುಗಿ ಹೋಗಿ ಶ್ಮಿಯನ್ನು ಬಿಡಿಸುತ್ತಿದ್ದ ಎಂದು ತೋರಿಸಿದರೆ ನಿಮ್ಮ ವಾದ ನಿಲ್ಲುತ್ತದೆ. ಅವನು ಮಂಡಳಿಯ ಮಾತನ್ನು ಮೀರಬಲ್ಲವನು ಎಂಬುದು ನಿಮಗೆ ಅನುಕೂಲವಾದ ಸಾಕ್ಷಿ. ತಾನು ಗುಲಾಮರನ್ನು ಬಿಡಿಸಲು ಬಂದವನಲ್ಲ ಎಂದು ಶ್ಮಿಗೆ ಅವನೇ ಹೇಳಿದ್ದು ನಿಮಗೆ ವಿರುದ್ಧವಾದ ಸಾಕ್ಷಿ. ಈ ಎರಡನ್ನೂ ಎದುರಿಗಿಟ್ಟುಕೊಂಡು ವಾದಿಸಬೇಕು.

ಕಾಳಗದಲ್ಲಿ ಯಾರ ಕತ್ತಿ ಯಾರಿಗೆ ತಾಗಿತು ಎಂಬುದನ್ನು ಬದಲಿಸುವುದಕ್ಕಿಂತ, ಪಾತ್ರವೊಂದು ತಾನಾಗಿ ಮಾಡಿದ ಆಯ್ಕೆಯನ್ನು ಬದಲಿಸಿ ನೋಡುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಆದರೆ ಇದನ್ನು ಕಟ್ಟಾ ನಿಯಮವೆಂದು ಹೇಳಲಾರೆ. ಡಾರ್ಕ್ ಹಾರ್ಸ್ ಸಂಸ್ಥೆಯು 2001ರಿಂದ 2004ರ ನಡುವೆ ಇನ್ಫಿನಿಟೀಸ್ ಎಂಬ ಚಿತ್ರಕಥಾಮಾಲೆಯನ್ನು ಹೊರತಂದಿತು. ತೆರೆಗೆ ಮೊದಲು ಬಂದ ಮೂರು ಚಿತ್ರಗಳಲ್ಲಿ ಒಂದೊಂದು ಘಟನೆಯನ್ನು ಬದಲಿಸಿ ಮುಂದಿನ ಕಥೆಯನ್ನು ಹೊಸದಾಗಿ ಹೇಳುವುದು ಅದರ ಕ್ರಮ. ಎರಡನೆಯ ಕಥೆಯಲ್ಲಿ ಲ್ಯೂಕ್ ಹೋತ್ ಗ್ರಹದ ಹಿಮದಲ್ಲೇ ಸತ್ತುಹೋಗುತ್ತಾನೆ. ಇದು ಯಾರ ಆಯ್ಕೆಯೂ ಅಲ್ಲ, ಬರಿಯ ಆಕಸ್ಮಿಕ. ಆದರೆ ಆಗ ಯೋಡಾನ ಬಳಿಗೆ ವಿದ್ಯೆ ಕಲಿಯಲು ಹೋಗುವವಳು ಅವನ ಅವಳಿ ಸೋದರಿ ಲೇಯಾ. ಮತ್ತು 1980ರ ಮೂಲ ಚಿತ್ರದಲ್ಲಿಯೇ, ಲ್ಯೂಕ್ ಸತ್ತರೂ ಇನ್ನೊಬ್ಬರು ಇದ್ದಾರೆ ಎಂಬ ಮಾತನ್ನು ಯೋಡಾ ಆಡಿರುತ್ತಾನೆ. ಮೂಲ ಕಥೆ ನೆಟ್ಟು ಮರೆತಿದ್ದ ಒಂದು ಬೀಜಕ್ಕೆ ಆ ಆಕಸ್ಮಿಕ ನೀರು ಹಾಕಿತು. ಅಂಥ ಬೀಜ ಕಥೆಯೊಳಗಿದ್ದರೆ ಆಕಸ್ಮಿಕವನ್ನೂ ಬದಲಿಸಬಹುದು.

ನಿಮ್ಮ ಪ್ರಶ್ನೆಯಲ್ಲಿಲ್ಲದ ಒಂದು ಸಂದರ್ಭವನ್ನು ಇಲ್ಲಿ ಸೇರಿಸದೆ ಇರಲಾರೆ, ಏಕೆಂದರೆ ಕೂಟದ ಮನೆಗಳಲ್ಲಿ ಬೆಳೆದವರಿಗೆ ಅದು ತಟ್ಟನೆ ಹೊಳೆಯಬೇಕು. 1980ರ ಚಿತ್ರದ ಕೊನೆಯಲ್ಲಿ, ಕೈ ಕಳೆದುಕೊಂಡು ಪ್ರಪಾತದ ಅಂಚಿನಲ್ಲಿ ನೇತಾಡುತ್ತಿರುವ ಲ್ಯೂಕ್‌ನಿಗೆ ವೇಡರ್ ತಾನೇ ತಂದೆಯೆಂದು ಹೇಳಿ, ನನ್ನೊಡನೆ ಬಾ, ಇಬ್ಬರೂ ಸೇರಿ ಆಳೋಣ ಎಂದು ಕೈ ಚಾಚುತ್ತಾನೆ. ಇದು ಕರ್ಣಭೇದನ. ಶತ್ರುಪಕ್ಷದವನು ಬಂದು ಹುಟ್ಟಿನ ಗುಟ್ಟನ್ನು ತೆರೆದಿಟ್ಟು, ಅದರ ಜೊತೆಗೇ ಸಿಂಹಾಸನದ ಆಸೆ ತೋರಿಸಿ, ನಿಂತ ನೆಲದಿಂದ ಕದಲಿಸಲು ನೋಡುವುದು ಭೇದೋಪಾಯ. ಕೃಷ್ಣ ಕರ್ಣನಿಗೆ ಹೇಳಿದ್ದು ಸತ್ಯ, ವೇಡರ್ ಲ್ಯೂಕ್‌ನಿಗೆ ಹೇಳಿದ್ದೂ ಸತ್ಯ. ಸತ್ಯವೇ ಆಯುಧವಾದಾಗ ಅದನ್ನು ಎದುರಿಸುವುದು ಸುಳ್ಳನ್ನು ಎದುರಿಸುವುದಕ್ಕಿಂತ ಕಷ್ಟ. ಕರ್ಣ ಋಣದ ಮಾತನ್ನೆತ್ತಿ ನಿಲ್ಲುತ್ತಾನೆ. ಲ್ಯೂಕ್ ಒಂದೂ ಮಾತಾಡದೆ ಕೈಬಿಟ್ಟು ಕೆಳಗೆ ಬೀಳುತ್ತಾನೆ. ಆ ಗಳಿಗೆಯಲ್ಲಿ ಅವನು ಕೈ ಹಿಡಿದಿದ್ದರೆ ಎಂಬ ವಾದವನ್ನು ಒಮ್ಮೆ ನಡೆಸಿ ನೋಡಿ. ಹಾನ್ ಸೋಲೋನನ್ನು ಯಾರು ಬಿಡಿಸುತ್ತಾರೆ ಎಂಬಂಥ ಸಣ್ಣ ನೂಲುಗಳಿಂದ ಹಿಡಿದು, ತಂದೆಮಕ್ಕಳು ಸೇರಿ ಚಕ್ರವರ್ತಿಯನ್ನು ಕೊಂದ ಮೇಲೆ ಇಬ್ಬರಲ್ಲಿ ಯಾರು ಯಾರಿಗೆ ಶಿಷ್ಯ ಎಂಬ ದೊಡ್ಡ ನೂಲಿನವರೆಗೆ ಎಲ್ಲವೂ ಕೈಗೆ ಬರುತ್ತದೆ. ಅನಾಕಿನ್ ಭಯದಿಂದ ಪಕ್ಷ ಬದಲಿಸಿದ, ಅವನ ಮಗ ಪ್ರಾಣಭಯದಲ್ಲಿಯೂ ಬದಲಿಸಲಿಲ್ಲ. ವಿಂಡುವಿನ ಕೋಣೆಯ ದೃಶ್ಯ ತೆರೆಗೆ ಬಂದದ್ದು ಇದರ 25 ವರ್ಷಗಳ ನಂತರ; ಆದರೂ ಅದಕ್ಕೆ ಸರಿಯಾದ ಉತ್ತರ ಈ ದೃಶ್ಯದಲ್ಲೇ ಇದೆ ಎಂದು ನನ್ನ ಭಾವನೆ.

ಕೊನೆಯ ಮೂರು ಚಿತ್ರಗಳ ಬಗ್ಗೆ ನೀವು ಕೇಳಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. 2017ರ ಚಿತ್ರದಲ್ಲಿ ನಾಯಕಿ ರೇ ಯಾವ ಹೆಸರಾಂತ ಮನೆತನದ ಮಗಳೂ ಅಲ್ಲ ಎಂದು ಹೇಳಲಾಯಿತು. 2019ರಲ್ಲಿ ಅವಳು ಪಾಲ್ಪಟೀನನ ಮೊಮ್ಮಗಳಾದಳು. ಪಂಪನ ಕರ್ಣ, ಛಲವೇ ಕುಲ, ಗುಣವೇ ಕುಲ ಎಂದು ದ್ರೋಣರ ಎದುರು ವಾದಿಸಿದ್ದನ್ನು ಓದಿ ಬೆಳೆದ ನನಗೆ ಮೊದಲನೆಯದೇ ಉಳಿಯಬೇಕಿತ್ತು ಎನಿಸುತ್ತದೆ. ಉಳಿದಿದ್ದರೆ, ಒಂದೇ ಮನೆತನದ ಕಥೆಯಾಗಿದ್ದದ್ದು ಎಲ್ಲರ ಕಥೆಯಾಗುತ್ತಿತ್ತು. ಇದಕ್ಕೆ ವಿರುದ್ಧವಾದ ಒಂದು ಕುತೂಹಲಕರ ಸಾಕ್ಷಿಯೂ ಇದೆ. ಹೊಸ ಚಿತ್ರಗಳು ಬರುವ ಮೊದಲು ಹಲವು ಲೇಖಕರು ಕಾದಂಬರಿಗಳಲ್ಲಿ ಈ ಕಥೆಯನ್ನು ವರ್ಷಗಟ್ಟಲೆ ಮುಂದುವರಿಸಿದ್ದರು. 2014ರಲ್ಲಿ ಲ್ಯೂಕಸ್‌ಫಿಲ್ಮ್ ಅವನ್ನೆಲ್ಲ ದಂತಕಥೆಗಳೆಂಬ ಹೆಸರಿನಡಿ ಬೇರೆಗಿರಿಸಿ, ಮುಖ್ಯ ಕಥೆಯಿಂದ ಹೊರಗಿಟ್ಟಿತು. ಆ ಕಾದಂಬರಿಗಳಲ್ಲಿ ಹಾನ್ ಮತ್ತು ಲೇಯಾ ದಂಪತಿಯ ಮಗ ಜೇಸನ್ ಕತ್ತಲೆಯ ಕಡೆಗೆ ಹೋಗುತ್ತಾನೆ. ಹೊಸ ಚಿತ್ರಗಳಲ್ಲಿ ಅವರ ಮಗ ಬೆನ್ ಹಾಗೆಯೇ ಹೋಗುತ್ತಾನೆ. ಬೇರೆ ಬೇರೆ ಕೈಗಳು, ಬೇರೆ ಬೇರೆ ಕಾಲದಲ್ಲಿ, ಹೊಸ ದಾರಿ ಹಿಡಿದು ಹೊರಟರೂ ಬಂದು ಸೇರಿದ್ದು ಅದೇ ಗುಡ್ಡಕ್ಕೆ. ಅಜ್ಜನ ಗಂಟನ್ನು ಬಿಚ್ಚದೆ ಬಿಟ್ಟರೆ ಮೊಮ್ಮಗನ ಬಳಿ ಅದು ಮತ್ತೆ ಬಿಗಿಯುತ್ತದೆ ಎಂಬ ಒತ್ತಡ ಈ ಕಥೆಯ ಒಳಗೇ ಇರಬೇಕು.

ಹೀಗಾಗಿ ನಿಮ್ಮ ಐವರ ಲೆಕ್ಕ ನನ್ನ ದೃಷ್ಟಿಯಲ್ಲಿ ಹೀಗಿದೆ. ಎಲ್ಲವೂ ಸರಿಹೋಗುತ್ತಿತ್ತು ಎಂದ ಇಬ್ಬರು ಕೋಣೆಯೊಳಗಿನದನ್ನು ಸರಿಯಾಗಿ ನೋಡಿದ್ದಾರೆ, ಕೋಣೆಯ ಹೊರಗೆ ನೋಡಿಲ್ಲ. ಏನೂ ಸರಿಹೋಗುತ್ತಿರಲಿಲ್ಲ ಎಂದವರು ಹೊರಗೆ ನೋಡಿದ್ದಾರೆ, ಮಂದಿರದ ಮಕ್ಕಳ ಪ್ರಾಣವನ್ನು ಲೆಕ್ಕಕ್ಕೆ ಹಿಡಿದಿಲ್ಲ. ನಿಮ್ಮ ವಾದ ನಾಲ್ಕರಲ್ಲಿ ಹೆಚ್ಚು ಆಳವಾದದ್ದು, ಆದರೆ ಗಂಟನ್ನು ಒಂದು ಮೊಳ ಆಚೆ ಹುಡುಕುತ್ತಿದ್ದೀರಿ.

ಮುಂದಿನ ಸಲ ಸೇರಿದಾಗ ಜಗಳದ ಬದಲು ಕೂಟವನ್ನೇ ಮಾಡಿ ನೋಡಿ. ವಿಂಡು, ಪಾಲ್ಪಟೀನ್, ಅನಾಕಿನ್, ಪದ್ಮೆ, ಓಬಿ-ವಾನ್, ಐದು ಪಾತ್ರಗಳಿಗೆ ನೀವು ಐದು ಮಂದಿ ಸರಿಯಾಗಿದ್ದೀರಿ. ಕತ್ತಿಯನ್ನು ಅಡ್ಡ ಹಿಡಿದ ಗಳಿಗೆಯಿಂದ ಪ್ರಸಂಗ ಆರಂಭವಾಗಲಿ. ಅದಕ್ಕೆ ಹಿಂದಿನದೆಲ್ಲ ಚಿತ್ರದಲ್ಲಿದ್ದಂತೆಯೇ ಇರಲಿ, ಒಂದಕ್ಷರವೂ ಬದಲಾಗುವುದು ಬೇಡ. ಪಾತ್ರಕ್ಕೆ ತಿಳಿದಿರದ ಸಂಗತಿಯನ್ನು ಅರ್ಥಧಾರಿ ಬಳಸುವಂತಿಲ್ಲ. ಅಂದರೆ ಪದ್ಮೆಯ ಪಾತ್ರ ವಹಿಸಿದವರಿಗೆ ಪಾಲ್ಪಟೀನ್ ಸಿತ್ ಎಂಬುದು ಗೊತ್ತಿಲ್ಲ, ವಿಂಡುವಿನ ಪಾತ್ರ ವಹಿಸಿದವರಿಗೆ ಅನಾಕಿನ್ನನ ಮದುವೆಯ ವಿಷಯ ಗೊತ್ತಿಲ್ಲ. ಎದುರಿನವರ ಮಾತಿಗೆ ಉತ್ತರಿಸದೆ ತನ್ನ ಪೀಠಿಕೆಯನ್ನೇ ಬೆಳೆಸುತ್ತ ಹೋಗುವಂತಿಲ್ಲ. ಅನಾಕಿನ್ನನ ಅರ್ಥ ಹೇಳುವ ಹೊಣೆಯನ್ನು ಆಗದೇ ಹೋದುದರ ಬಗ್ಗೆ ವಾದಿಸುವುದು ವ್ಯರ್ಥ ಎಂದ ಗೆಳೆಯರಿಗೆ ವಹಿಸಿ. ಆದದ್ದು ಹಾಗೆಯೇ ಆಗಬೇಕಿತ್ತು ಎಂದು ಗಟ್ಟಿಯಾಗಿ ನಂಬಿದವರು ಆ ಪಾತ್ರದಲ್ಲಿ ಕುಳಿತರೆ, ಕೈಗೆ ರಕ್ತ ತಾಗದ ಅನಾಕಿನ್ ಮಂಡಿಯೂರುತ್ತಾನೆಯೇ ಇಲ್ಲವೇ ಎಂಬುದನ್ನು ಅವರ ಬಾಯಿಂದಲೇ ಕೇಳಬಹುದು.